ಎರಡು ಅಣೆಕಟ್ಟೆಗಳ ನಡುವಿನ ಐಸಿಸ್ ದೇವಾಲಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಈಜಿಪ್ಟಿನ ದಕ್ಷಿಣದಲ್ಲಿ ಆಸ್ವಾನ್ ಪಟ್ಟಣದ ಬಳಿ, ನೈಲ್ ನದಿಯ ನಡುಗಡ್ಡೆಯ ಮೇಲಿರುವ ಫೀಲೆ ದೇವಾಲಯದ ಚಿತ್ರವನ್ನೂ ಒಂದು ಚಿಕ್ಕ ಟಿಪ್ಪಣಿಯನ್ನೂ ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದಕ್ಕೆ ಮೈಸೂರು ಮತ್ತು ಮಂಡ್ಯ ಕಡೆಯ ಓದುಗರಿಂದ ನಿರೀಕ್ಷೆ ಮೀರಿ ಪತ್ರಗಳು ಬಂದಿವೆ. ಅಣೆಕಟ್ಟೆಯ ನೀರನ್ನೇ ನಂಬಿ ಬದುಕುವ ಸೀಮೆಯವರಿಗೆ, ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಗುಡಿಯ ವಿಷಯದಲ್ಲಿ ಕುತೂಹಲ ಹುಟ್ಟಿದ್ದು ಸಹಜವೇ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಫೀಲೆ ದೇವಾಲಯವೂ ಪಿರಮಿಡ್ಡುಗಳ ಕಾಲದ್ದೇ? ಅದನ್ನು ಕಟ್ಟಿಸಿದವರು ಯಾರು?
– ನಿವೃತ್ತ ಶಿಕ್ಷಕರು, ಮದ್ದೂರು

ಉತ್ತರ: ಅಲ್ಲ. ಗೀಜಾದ ದೊಡ್ಡ ಪಿರಮಿಡ್ಡು ಕ್ರಿ.ಪೂ. 26ನೆಯ ಶತಮಾನದ್ದು, ಫೀಲೆಯಲ್ಲಿ ಇಂದು ನಿಂತಿರುವ ಕಟ್ಟಡಗಳ ಪೈಕಿ ಹಳೆಯದೆನಿಸಿದ ದಕ್ಷಿಣ ತುದಿಯ ಮಂಟಪವು ಕ್ರಿ.ಪೂ. 4ನೆಯ ಶತಮಾನದಲ್ಲಿ ಆಳಿದ ಮೊದಲನೆಯ ನೆಕ್ಟಾನೆಬೋ ಎಂಬ ಅರಸನ ಕಾಲದ್ದು. ಎರಡರ ನಡುವೆ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಈಜಿಪ್ಟಿನ ಪ್ರಾಚೀನತೆಯನ್ನೆಲ್ಲ ಒಂದೇ ಕಾಲಕ್ಕೆ ಸೇರಿಸಿಬಿಡುವ ರೂಢಿ ನಮ್ಮಲ್ಲಿರುವುದರಿಂದ ತಮ್ಮ ಪ್ರಶ್ನೆಯನ್ನು ಮೊದಲಿಗೆ ಎತ್ತಿಕೊಂಡಿದ್ದೇನೆ. ಕ್ರಿ.ಪೂ. 7ನೆಯ ಶತಮಾನದಲ್ಲಿ, ಈಜಿಪ್ಟಿನ ದಕ್ಷಿಣಕ್ಕೆ ನೈಲ್ ದಂಡೆಯ ನಾಡಾದ ನೂಬಿಯಾದಿಂದ ಬಂದು ಈಜಿಪ್ಟನ್ನೂ ಆಳಿದ ತಹರ್ಕ ಎಂಬ ದೊರೆಯ ಹೆಸರುಳ್ಳ ಕಲ್ಲುಗಳು ಅನಂತರದ ಕಟ್ಟಡಗಳಲ್ಲಿ ಮರುಬಳಕೆಯಾಗಿ ಸಿಕ್ಕಿರುವುದರಿಂದ, ನೆಕ್ಟಾನೆಬೋಗಿಂತ ಮುಂಚೆಯೂ ಆ ದ್ವೀಪದಲ್ಲಿ ಕಟ್ಟಡ ಕೆಲಸ ನಡೆದಿತ್ತೆಂದು ಊಹಿಸಬಹುದು.

ಆದರೆ ದೇವಾಲಯದ ಮುಖ್ಯ ಭಾಗ ಎದ್ದದ್ದು ಪರಕೀಯರ ಆಳ್ವಿಕೆಯಲ್ಲಿ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರನು ಈಜಿಪ್ಟನ್ನು ವಶಪಡಿಸಿಕೊಂಡ ಮೇಲೆ, ಅವನ ಸೇನಾಪತಿಗಳಲ್ಲೊಬ್ಬನಾದ ಟಾಲೆಮಿ ಅಲ್ಲಿ ಒಂದು ಗ್ರೀಕ್ ರಾಜವಂಶವನ್ನು ಸ್ಥಾಪಿಸಿದನು. ಆ ವಂಶದ ಎರಡನೆಯ ಟಾಲೆಮಿಯ ಕಾಲದಲ್ಲಿ ಐಸಿಸ್ ದೇವಿಯ ಗುಡಿಯ ಕೆಲಸ ದೊಡ್ಡ ಪ್ರಮಾಣದಲ್ಲಿ ಸಾಗಿತು. ಮುಂದಿನ ಅರಸರು ಹೆಬ್ಬಾಗಿಲು, ಕಂಬಸಾಲು, ಉಪಗುಡಿಗಳನ್ನು ಸೇರಿಸುತ್ತ ಹೋದರು. ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರಳೊಂದಿಗೆ ಆ ವಂಶ ಮುಗಿದು ದೇಶವು ರೋಮಿನ ಪಾಲಾದ ಮೇಲೂ ಕೆಲಸ ನಿಲ್ಲಲಿಲ್ಲ. ಅಗಸ್ಟಸ್, ಟ್ರಾಜನ್, ಹೇಡ್ರಿಯನ್ ಮೊದಲಾದ ಚಕ್ರವರ್ತಿಗಳ ಹೆಸರುಗಳು ಅಲ್ಲಿನ ಕಟ್ಟಡಗಳಿಗೆ ಅಂಟಿಕೊಂಡಿವೆ. ನದಿಯ ದಡದಲ್ಲಿ 14 ಕಂಬಗಳ ಮೇಲೆ ಚಾವಣಿಯಿಲ್ಲದೆ ನಿಂತಿರುವ, ಚಿತ್ರಗಳಲ್ಲಿ ಎಲ್ಲರೂ ಕಂಡಿರುವ ಸುಂದರ ಮಂಟಪವು ಟ್ರಾಜನನದು. ಅದರ ಕೆತ್ತನೆ ಪೂರ್ತಿಯಾಗಲೇ ಇಲ್ಲ.

ಈ ಪರಕೀಯರೆಲ್ಲ ಗೋಡೆಗಳ ಮೇಲೆ ಅಪ್ಪಟ ಫೇರೋಗಳ ವೇಷದಲ್ಲಿಯೇ ಕಾಣಿಸಿಕೊಳ್ಳುತ್ತಾರೆ. ಸುಮಾರು 18 ಮೀಟರ್ ಎತ್ತರದ ಮೊದಲ ಹೆಬ್ಬಾಗಿಲಿನ ಮೇಲೆ ಹನ್ನೆರಡನೆಯ ಟಾಲೆಮಿಯು ಶತ್ರುಗಳ ಜುಟ್ಟು ಹಿಡಿದು ಗದೆಯೆತ್ತಿ ನಿಂತ ದೊಡ್ಡ ಚಿತ್ರವಿದೆ. ಕ್ಲಿಯೋಪಾತ್ರಳ ತಂದೆಯಾದ ಈತನನ್ನು ಪ್ರಜೆಗಳೇ ದೇಶದಿಂದ ಓಡಿಸಿದ್ದರು. ರೋಮನರಿಗೆ ಅಪಾರ ಹಣ ಸುರಿದು, ಅವರ ಸೈನ್ಯದ ಬಲದಿಂದ ಕ್ರಿ.ಪೂ. 55ರಲ್ಲಿ ಮರಳಿ ಪಟ್ಟಕ್ಕೆ ಬಂದವನು. ಆ ಚಿತ್ರವನ್ನು ನೋಡುವಾಗ ಇದನ್ನು ನೆನಪಿಟ್ಟುಕೊಂಡರೆ, ದೇವಾಲಯದ ಗೋಡೆಯು ನಡೆದದ್ದನ್ನು ಬರೆಯುವ ಬಖೈರಲ್ಲ, ಅರಸನಾದವನು ಹೇಗಿರಬೇಕೆಂಬ ವಿಧಿಯನ್ನು ಮತ್ತೆ ಮತ್ತೆ ಬಿಡಿಸುವ ಜಾಗವೆಂಬುದು ತಿಳಿಯುತ್ತದೆ.

ಪ್ರಶ್ನೆ: ಅಷ್ಟು ಚಿಕ್ಕ ದ್ವೀಪಕ್ಕೆ ಅಷ್ಟೊಂದು ಮಹಿಮೆ ಬರಲು ಕಾರಣವೇನು? ಅಲ್ಲಿ ಯಾವ ರೀತಿಯ ಪೂಜೆ ನಡೆಯುತ್ತಿತ್ತು?
– ಗೃಹಿಣಿ, ಸರಸ್ವತಿಪುರಂ, ಮೈಸೂರು

ಉತ್ತರ: ಮಹಿಮೆಯ ಮೂಲ ಪಕ್ಕದ ದ್ವೀಪದಲ್ಲಿದೆ. ಐಸಿಸಳ ಪತಿ ಒಸೈರಿಸನು ಈಜಿಪ್ಟನ್ನು ಧರ್ಮದಿಂದ ಆಳುತ್ತಿದ್ದಾಗ ಅವನ ತಮ್ಮ ಸೆತ್ ಹೊಟ್ಟೆಕಿಚ್ಚಿನಿಂದ ಅವನನ್ನು ಕೊಂದು, ದೇಹವನ್ನು ತುಂಡುಗಳಾಗಿ ಕತ್ತರಿಸಿ ದೇಶದ ತುಂಬ ಚೆಲ್ಲಿದನು. ಐಸಿಸಳು ಆ ತುಂಡುಗಳನ್ನು ಹುಡುಕಿ ತಂದು ಕೂಡಿಸಿ, ಮಂತ್ರಬಲದಿಂದ ಪತಿಗೆ ಮತ್ತೆ ಚೈತನ್ಯ ತಂದು, ಅವನಿಂದ ಹೋರಸನೆಂಬ ಮಗನನ್ನು ಪಡೆದಳು. ಒಸೈರಿಸನು ಸತ್ತವರ ಲೋಕದ ಒಡೆಯನಾದನು. ಫೀಲೆಯ ಎದುರಿಗಿರುವ ಬೀಗಾ ದ್ವೀಪದಲ್ಲಿ ಒಸೈರಿಸನ ಸಮಾಧಿಯಿದೆಯೆಂದೂ, ನೈಲ್ ನದಿಯ ಪ್ರವಾಹ ಅಲ್ಲಿಂದಲೇ ಹೊಮ್ಮುತ್ತದೆಯೆಂದೂ ಜನ ನಂಬಿದ್ದರು. ಬೀಗಾ ದ್ವೀಪಕ್ಕೆ ಸಾಮಾನ್ಯರಿಗೆ ಪ್ರವೇಶವಿರಲಿಲ್ಲ. ಹತ್ತು ದಿನಗಳಿಗೊಮ್ಮೆ ಫೀಲೆಯಿಂದ ಐಸಿಸಳ ಮೂರ್ತಿಯನ್ನು ದೋಣಿಯಲ್ಲಿ ಅಲ್ಲಿಗೆ ಕೊಂಡೊಯ್ದು, ಪತಿಯ ಸಮಾಧಿಗೆ ಹಾಲೆರೆಯುವ ವಿಧಿ ನಡೆಯುತ್ತಿತ್ತು.

ದ್ವೀಪದ ಪಶ್ಚಿಮ ಅಂಚಿನಲ್ಲಿ ಹೇಡ್ರಿಯನನ ಬಾಗಿಲು ಎಂದು ಕರೆಯುವ ಚಿಕ್ಕ ಕಟ್ಟಡವಿದೆ. ಅದರ ಗೋಡೆಯಲ್ಲಿ ಈ ನಂಬಿಕೆಯೇ ಚಿತ್ರವಾಗಿದೆ: ಬಂಡೆಗಳ ರಾಶಿಯ ಕೆಳಗೆ ಒಂದು ಗವಿ, ಗವಿಯನ್ನು ಸುತ್ತಿಕೊಂಡ ಹಾವು, ಒಳಗೆ ನದಿಯ ಪ್ರವಾಹಕ್ಕೆ ಅಧಿದೇವತೆಯಾದ ಹಾಪಿಯು ಕೂತು ಎರಡು ಪಾತ್ರೆಗಳಿಂದ ನೀರು ಸುರಿಯುತ್ತಿದ್ದಾನೆ. ಬಹುಪಾಲು ಪ್ರವಾಸಿಗರು ಈ ಮೂಲೆಗೆ ಹೋಗುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಫೀಲೆಯಲ್ಲಿ ನೋಡಲೇಬೇಕಾದ ಕೆತ್ತನೆ ಇದೇ, ಹೆಬ್ಬಾಗಿಲಿನ ಮೇಲಿನ ದೈತ್ಯ ಅರಸನಲ್ಲ.

ಪೂಜೆಯ ಕ್ರಮವನ್ನು ಕೇಳಿದ್ದೀರಿ. ಈಜಿಪ್ಟಿನ ಗುಡಿಗಳಲ್ಲಿ ಗರ್ಭಗೃಹಕ್ಕೆ ಅರಸನಿಗೂ ಅವನ ಪರವಾಗಿ ಪುರೋಹಿತರಿಗೂ ಮಾತ್ರ ಪ್ರವೇಶ. ಪ್ರತಿದಿನ ಬೆಳಗ್ಗೆ ಮುದ್ರೆಯೊತ್ತಿದ ಬಾಗಿಲನ್ನು ತೆರೆದು, ದೇವತೆಯನ್ನು ಎಬ್ಬಿಸಿ, ಮೂರ್ತಿಯನ್ನು ಶುಚಿಗೊಳಿಸಿ, ವಸ್ತ್ರ ಉಡಿಸಿ, ಧೂಪ ಹಾಕಿ, ಆಹಾರವನ್ನು ನಿವೇದಿಸಿ, ಹಿಂದೆ ಸರಿಯುವಾಗ ತಮ್ಮ ಹೆಜ್ಜೆಗುರುತುಗಳನ್ನು ಗುಡಿಸಿ ಅಳಿಸುತ್ತಿದ್ದರು. ಜನರಿಗೆ ದೇವರು ಕಾಣುತ್ತಿದ್ದದ್ದು ಉತ್ಸವಗಳಲ್ಲಿ, ಅದೂ ಬಹುಮಟ್ಟಿಗೆ ತೆರೆ ಮುಚ್ಚಿದ ದೋಣಿಯೊಳಗೆ. ಆ ದೋಣಿಯನ್ನು ಇರಿಸುತ್ತಿದ್ದ ಕಲ್ಲಿನ ಪೀಠ, ಮೂರನೆಯ ಟಾಲೆಮಿ ಮತ್ತು ಅವನ ರಾಣಿ ಬೆರೆನಿಕೆಯ ಕೊಡುಗೆ, ಫೀಲೆಯ ಗರ್ಭಗೃಹದಲ್ಲಿ ಇಂದೂ ಇದೆ. ಈ ಕ್ರಮವು ನಮಗೆ ಪರಿಚಿತವೆನಿಸಿದ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತೆಂದು ತೀರ್ಮಾನಿಸಬಾರದು. ಕೆಲವು ಪತ್ರಗಳಲ್ಲಿ ಅಂಥ ಊಹೆಗಳಿದ್ದವು, ಆದರೆ ಅದಕ್ಕೆ ಆಧಾರವಿಲ್ಲ.

ಪ್ರಶ್ನೆ: ಆ ಗುಡಿಯಲ್ಲಿ ಪೂಜೆ ಯಾವಾಗ ನಿಂತಿತು? ಗೋಡೆಯ ಮೇಲಿನ ದೇವರ ಮುಖಗಳನ್ನು ಕೆತ್ತಿ ಹಾಳುಮಾಡಿರುವುದೇಕೆ? ಚಿತ್ರಲಿಪಿಯನ್ನು ಓದಬಲ್ಲವರು ಈಗ ಇದ್ದಾರೆಯೇ?
– ಪದವಿ ವಿದ್ಯಾರ್ಥಿ, ಮಂಡ್ಯ

ಉತ್ತರ: ಮೂರೂ ಪ್ರಶ್ನೆಗಳ ಉತ್ತರ ಒಂದಕ್ಕೊಂದು ಹೆಣೆದುಕೊಂಡಿದೆ. ಕ್ರಿ.ಶ. 4ನೆಯ ಶತಮಾನದ ಕೊನೆಗೆ ರೋಮನ್ ಚಕ್ರವರ್ತಿ ಥಿಯೋಡೋಸಿಯಸನು ಹಳೆಯ ದೇವತೆಗಳ ಪೂಜೆಯನ್ನು ನಿಷೇಧಿಸಿ, ಗುಡಿಗಳನ್ನು ಮುಚ್ಚಿಸುವ ಆಜ್ಞೆಗಳನ್ನು ಹೊರಡಿಸಿದನು. ಈಜಿಪ್ಟಿನ ಇತರ ಕಡೆಗಳಲ್ಲಿ ಪೂಜೆ ಕ್ಷೀಣಿಸುತ್ತ ಬಂದರೂ ಫೀಲೆಯಲ್ಲಿ ಅದು ಮುಂದುವರಿಯಿತು. ಕಾರಣ, ಸಾಮ್ರಾಜ್ಯದ ಗಡಿಯಾಚೆಗಿದ್ದ ಬ್ಲೆಮ್ಮಿ ಮತ್ತು ನೊಬಾಡಿ ಎಂಬ ಜನರಿಗೆ ಐಸಿಸಳು ಆರಾಧ್ಯದೇವತೆ, ಮತ್ತು ಅವರನ್ನು ಎದುರು ಹಾಕಿಕೊಂಡರೆ ಗಡಿ ಉಳಿಯುವುದಿಲ್ಲವೆಂಬುದು ರೋಮಿಗೆ ಗೊತ್ತಿತ್ತು. 5ನೆಯ ಶತಮಾನದ ನಡುವೆ ಮ್ಯಾಕ್ಸಿಮಿನಸ್ ಎಂಬ ಸೇನಾಪತಿಯು ಅವರೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ, ಅವರು ಫೀಲೆಗೆ ಯಾತ್ರೆ ಬರಬಹುದೆಂದೂ, ದೇವಿಯ ಮೂರ್ತಿಯನ್ನು ನಿಗದಿತ ಅವಧಿಗೆ ತಮ್ಮ ನಾಡಿಗೆ ಕೊಂಡೊಯ್ದು ಹಿಂದಿರುಗಿಸಬಹುದೆಂದೂ ಇತ್ತು. ಕ್ರೈಸ್ತ ಸಾಮ್ರಾಜ್ಯವೊಂದು ಹಳೆಯ ದೇವಿಯ ಮೂರ್ತಿಯ ಓಡಾಟವನ್ನು ಕರಾರಿನಲ್ಲಿ ಬರೆದುಕೊಂಡದ್ದು ವಿಚಿತ್ರವಾದರೂ, ರಾಜಕಾರಣಕ್ಕೆ ಹೊಸದೇನಲ್ಲ.

ಹೇಡ್ರಿಯನನ ಬಾಗಿಲಿನಲ್ಲಿಯೇ, ಮಂಡೂಲಿಸ್ ಎಂಬ ನೂಬಿಯಾದ ದೇವತೆಯ ಚಿತ್ರದ ಪಕ್ಕದಲ್ಲಿ, ಒಬ್ಬ ಪುರೋಹಿತನು ಚಿತ್ರಲಿಪಿಯಲ್ಲಿ ಕೊರೆದ ಬರಹವಿದೆ. ಅದರ ದಿನಾಂಕ ಕ್ರಿ.ಶ. 394ರ ಆಗಸ್ಟ್ 24. ಮೂರು ಸಾವಿರಕ್ಕೂ ಹೆಚ್ಚು ವರ್ಷ ಬಳಕೆಯಲ್ಲಿದ್ದ ಆ ಲಿಪಿಯಲ್ಲಿ ದಿನಾಂಕವುಳ್ಳ ಕೊನೆಯ ಶಾಸನವೆಂದು ತಿಳಿದಿರುವುದು ಇದೇ. ಅದೇ ಭಾಷೆಯ ಓಡುಬರಹವಾದ ಡೆಮೋಟಿಕ್ ಲಿಪಿಯ ಕೊನೆಯ ಬರಹವೂ ಫೀಲೆಯದೇ, ಕ್ರಿ.ಶ. 452ರದು. ಕೊನೆಗೆ 6ನೆಯ ಶತಮಾನದಲ್ಲಿ, ಸುಮಾರು 535 ಮತ್ತು 537ರ ನಡುವೆ, ಚಕ್ರವರ್ತಿ ಜಸ್ಟಿನಿಯನನ ಆಜ್ಞೆಯಂತೆ ಸೇನಾಪತಿ ನಾರ್ಸೆಸನು ಗುಡಿಯನ್ನು ಮುಚ್ಚಿಸಿ, ಪುರೋಹಿತರನ್ನು ಬಂಧಿಸಿ, ಮೂರ್ತಿಗಳನ್ನು ಕಾನ್‌ಸ್ಟಾಂಟಿನೋಪಲ್‌ಗೆ ಕಳುಹಿಸಿದನೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಗುಡಿಯ ಕಂಬಗಳ ಹಜಾರವನ್ನು ಬಿಷಪ್ ಥಿಯೋಡೋರನು ಸಂತ ಸ್ಟೀಫನನ ಚರ್ಚಾಗಿ ಮಾರ್ಪಡಿಸಿದನು. ತಾವು ಚಿತ್ರದಲ್ಲಿ ಕಂಡ ಕೆತ್ತಿಹೋದ ಮುಖಗಳೂ, ಕಂಬಗಳ ಮೇಲೆ ಕೊರೆದ ಶಿಲುಬೆಗಳೂ ಬಹುಮಟ್ಟಿಗೆ ಆ ಬದಲಾವಣೆಯ ಗುರುತುಗಳು. ಅವುಗಳನ್ನು ಬರಿಯ ಹಾನಿಯೆಂದು ನೋಡಿ ಮುಂದೆ ಹೋಗುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಹೆಬ್ಬಾಗಿಲಿನಲ್ಲಿ 1799ರಲ್ಲಿ ಅಲ್ಲಿಗೆ ಬಂದ ನೆಪೋಲಿಯನ್ನನ ಸೈನಿಕರು ತಮ್ಮ ವಿಜಯವನ್ನು ಫ್ರೆಂಚಿನಲ್ಲಿ ಕೊರೆದಿದ್ದಾರೆ; ಅದೂ ಈಗ ಇತಿಹಾಸವೇ ಆಗಿದೆ. ಆದರೆ ಇಂದಿನ ಪ್ರವಾಸಿಗನು ತನ್ನ ಹೆಸರನ್ನು ಕೊರೆದರೆ ಅದು ಅಪರಾಧ, ಶಿಕ್ಷೆಯೂ ಉಂಟು.

ಲಿಪಿಯನ್ನು ಓದುವ ವಿದ್ಯೆ ಫೀಲೆಯ ಪುರೋಹಿತರೊಂದಿಗೆ ಮುಗಿದುಹೋಯಿತು. ಮತ್ತೆ ಅದನ್ನು ತೆರೆಯುವುದರಲ್ಲಿಯೂ ಫೀಲೆಗೆ ಪಾಲಿದೆ. ಒಂದೇ ಬರಹವನ್ನು ಚಿತ್ರಲಿಪಿ, ಡೆಮೋಟಿಕ್, ಗ್ರೀಕ್ ಮೂರರಲ್ಲಿಯೂ ಕೆತ್ತಿದ, 1799ರಲ್ಲಿ ದೊರೆತ ರೊಸೆಟ್ಟಾ ಶಿಲೆಯ ಚಿತ್ರಲಿಪಿಯ ಭಾಗ ಒಡೆದುಹೋಗಿ, ಅದರಲ್ಲಿ ಟಾಲೆಮಿ ಎಂಬ ಒಂದೇ ರಾಜನಾಮ ಉಳಿದಿತ್ತು. ವಿಲಿಯಂ ಬ್ಯಾಂಕ್ಸ್ ಎಂಬ ಇಂಗ್ಲಿಷ್ ಶ್ರೀಮಂತನು ಫೀಲೆಯಿಂದ ತನ್ನ ದೇಶಕ್ಕೆ ಸಾಗಿಸಿದ ಒಂದು ಚೂಪುಗಂಬದ ಮೇಲೆ ಟಾಲೆಮಿಯ ಜೊತೆಗೆ ಕ್ಲಿಯೋಪಾತ್ರ ಎಂಬ ರಾಣಿಯ ಹೆಸರೂ, ಪೀಠದಲ್ಲಿ ಗ್ರೀಕ್ ಬರಹವೂ ಇದ್ದವು. ಎರಡು ಹೆಸರುಗಳಿಗೂ ಸಮಾನವಾದ ಪ, ತ, ಲ ಮುಂತಾದ ಧ್ವನಿಗಳ ಸಂಕೇತಗಳನ್ನು ಹೋಲಿಸಿ ನೋಡಲು ಅದು ನೆರವಾಯಿತು; 1822ರಲ್ಲಿ ಫ್ರಾನ್ಸಿನ ಷಾಂಪೋಲಿಯೋನನು ಲಿಪಿಯ ಗುಟ್ಟನ್ನು ಬಿಡಿಸಿದನು. ಆ ಕಂಬ ಇಂದಿಗೂ ಇಂಗ್ಲೆಂಡಿನ ಡಾರ್ಸೆಟ್ಟಿನಲ್ಲಿ, ಬ್ಯಾಂಕ್ಸನ ಮನೆತನದ ಉದ್ಯಾನದಲ್ಲಿದೆ. ಚಿತ್ರಲಿಪಿಯನ್ನು ಓದಬಲ್ಲ ವಿದ್ವಾಂಸರು ಈಗ ಅನೇಕ ದೇಶಗಳಲ್ಲಿದ್ದಾರೆ.

ಪ್ರಶ್ನೆ: ಗುಡಿ ನೀರಿನಲ್ಲಿ ಮುಳುಗಿದ್ದರೆ ಈಗ ಒಣನೆಲದಲ್ಲಿ ಹೇಗಿದೆ? ಅಣೆಕಟ್ಟೆ ಕಟ್ಟುವಾಗಲೇ ಅದನ್ನು ಸಾಗಿಸಬಹುದಿತ್ತಲ್ಲವೇ? ಕೆಲಸದ ವಿವರ ತಿಳಿಸುವಿರಾ?
– ನಿವೃತ್ತ ಇಂಜಿನಿಯರ್, ಕುವೆಂಪುನಗರ, ಮೈಸೂರು

ಉತ್ತರ: ಫೀಲೆಯನ್ನು ಮುಳುಗಿಸಿದ್ದು ಒಂದಲ್ಲ, ಎರಡು ಅಣೆಕಟ್ಟೆಗಳು. ಬ್ರಿಟಿಷರ ಹಿಡಿತದಲ್ಲಿದ್ದ ಈಜಿಪ್ಟಿನಲ್ಲಿ ವರ್ಷವಿಡೀ ನೀರು ಒದಗಿಸಿ ಹತ್ತಿಯ ಬೆಳೆಯನ್ನು ಹೆಚ್ಚಿಸುವ ಉದ್ದೇಶದಿಂದ 1898ರಲ್ಲಿ ಆಸ್ವಾನಿನ ಮೊದಲ ಅಣೆಕಟ್ಟೆಯ ಕೆಲಸ ಆರಂಭವಾಗಿ 1902ರಲ್ಲಿ ಮುಗಿಯಿತು. ಫೀಲೆ ಮುಳುಗುತ್ತದೆಂದು ಯುರೋಪಿನಲ್ಲಿ ದೊಡ್ಡ ಪ್ರತಿಭಟನೆ ಎದ್ದದ್ದರಿಂದ ಕಟ್ಟೆಯ ಎತ್ತರವನ್ನು ಮೂಲ ಯೋಜನೆಗಿಂತ ತಗ್ಗಿಸಿದರು; ಗುಡಿಯ ತಳಪಾಯವನ್ನು ಕಬ್ಬಿಣದ ತೊಲೆ ಮತ್ತು ಸಿಮೆಂಟಿನಿಂದ ಭದ್ರಪಡಿಸಿದರು. ಆದರೆ ನೀರಿನ ಬೇಡಿಕೆ ಅಷ್ಟಕ್ಕೆ ನಿಲ್ಲುವಂಥದಲ್ಲ. 1907ರಿಂದ 1912ರವರೆಗೆ ಒಮ್ಮೆ, 1929ರಿಂದ 1933ರವರೆಗೆ ಇನ್ನೊಮ್ಮೆ ಕಟ್ಟೆಯನ್ನು ಎತ್ತರಿಸಿದರು. ಮೊದಲ ಸಲ ಉಳಿದಿದ್ದ ಭಾಗದಲ್ಲಿ ಬಹುಪಾಲು ಮುಂದಿನ ಎರಡು ಸಲಗಳಲ್ಲಿ ಮುಳುಗಿತು.

ಮುಳುಗಡೆ ವರ್ಷವಿಡೀ ಇರುತ್ತಿರಲಿಲ್ಲ. ಬೇಸಿಗೆಯ ಕೊನೆಗೆ ಇಥಿಯೋಪಿಯಾದ ಮಳೆಯಿಂದ ನೈಲಿನಲ್ಲಿ ಕೆಂಪು ಪ್ರವಾಹ ಬರುವಾಗ, ಹೂಳು ತುಂಬದಿರಲೆಂದು ಕಟ್ಟೆಯ ತೂಬುಗಳನ್ನೆಲ್ಲ ತೆರೆದಿಡುತ್ತಿದ್ದರು. ಆಗ ದ್ವೀಪ ಹೊರಗೆ ಬರುತ್ತಿತ್ತು. ಪ್ರವಾಹ ಇಳಿದು ನೀರು ತಿಳಿಯಾದ ಮೇಲೆ ತೂಬು ಮುಚ್ಚಿ ಜಲಾಶಯ ತುಂಬಿಸುತ್ತಿದ್ದರು. ಹೀಗಾಗಿ ಪ್ರವಾಸಿಗರು ಬರುವ ಚಳಿಗಾಲದಲ್ಲಿ ಗುಡಿ ನೀರಿನಲ್ಲಿಯೂ, ಯಾರೂ ಬಾರದ ಕಡುಬಿಸಿಲಿನಲ್ಲಿ ನೆಲದಲ್ಲಿಯೂ ಇರುತ್ತಿತ್ತು. ಚಳಿಗಾಲದಲ್ಲಿ ಬಂದವರು ಕಂಬಗಳ ತಲೆಗಳ ನಡುವೆ ದೋಣಿಯಲ್ಲಿ ತಿರುಗಾಡುತ್ತಿದ್ದರು. ಈ ಅವಧಿಯಲ್ಲಿ ಕಲ್ಲಿಗಿಂತ ಹೆಚ್ಚು ನಷ್ಟವಾದದ್ದು ಬಣ್ಣಕ್ಕೆ. ಕಂಬಗಳ ಮೇಲಿದ್ದ ಹಸಿರು, ನೀಲಿ, ಕೆಂಪು ಬಣ್ಣಗಳನ್ನು ನೆಪೋಲಿಯನ್ನನ ಜೊತೆ ಬಂದ ವಿದ್ವಾಂಸರೂ, 1838ರಲ್ಲಿ ಬಂದ ಚಿತ್ರಕಾರ ಡೇವಿಡ್ ರಾಬರ್ಟ್ಸನೂ ದಾಖಲಿಸಿದ್ದರು. ಅವು ನೀರಿನಲ್ಲಿ ತೊಳೆದುಹೋದವು. ಇಂದು ಕಾಣುವ ಗುಡಿ ಮರಳುಗಲ್ಲಿನ ಕಂದುಬಣ್ಣದ್ದು.

1960ರಿಂದ 1970ರವರೆಗೆ ಸೋವಿಯತ್ ಒಕ್ಕೂಟದ ನೆರವಿನಿಂದ, ಹಳೆಯ ಕಟ್ಟೆಗಿಂತ ನದಿಯ ಮೇಲ್ಹರಿವಿನ ಕಡೆಗೆ 111 ಮೀಟರ್ ಎತ್ತರದ ಹೊಸ ಅಣೆಕಟ್ಟೆ ಎದ್ದಿತು. ಫೀಲೆಯು ಎರಡು ಕಟ್ಟೆಗಳ ನಡುವೆ ಸಿಕ್ಕಿಕೊಂಡಿತು. ಅಲ್ಲಿ ನೀರು ಗುಡಿಯನ್ನು ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ವಿದ್ಯುತ್ ಉತ್ಪಾದನೆಗೆ ತಕ್ಕಂತೆ ದಿನದಿನವೂ ಏರಿಳಿಯುತ್ತದೆ. ಕಲ್ಲಿಗೆ ಸದಾ ಮುಳುಗಿರುವುದಕ್ಕಿಂತ ಇಂಥ ಏರಿಳಿತವೇ ಹೆಚ್ಚು ಅಪಾಯಕಾರಿಯೆಂಬುದು ತಮಗೆ ಹೇಳಬೇಕಾದ ಮಾತಲ್ಲ.

ಯುನೆಸ್ಕೋ ಸಂಸ್ಥೆಯು 1960ರ ಮಾರ್ಚ್ 8ರಂದು ನೂಬಿಯಾದ ಸ್ಮಾರಕಗಳನ್ನು ಉಳಿಸಲು ಜಗತ್ತಿಗೆ ಕರೆ ಕೊಟ್ಟಿತ್ತು. ಆ ಅಭಿಯಾನದ ಕೊನೆಯ ದೊಡ್ಡ ಕೆಲಸ ಫೀಲೆ. 1972ರಲ್ಲಿ ಆರಂಭಿಸಿ, ದ್ವೀಪದ ಸುತ್ತ ಉಕ್ಕಿನ ಹಲಗೆಗಳನ್ನು ಎರಡು ಸಾಲಾಗಿ ನದಿಯ ತಳಕ್ಕೆ ಹೊಡೆದು, ನಡುವೆ ಮರಳು ತುಂಬಿ ಒಡ್ಡು ಕಟ್ಟಿದರು. ಒಳಗಿನ ನೀರನ್ನು ಪಂಪಿನಿಂದ ಹೊರಹಾಕಿ, ಹೂಳು ತೆಗೆದು, ಪ್ರತಿಯೊಂದು ಕಟ್ಟಡವನ್ನೂ ಅಳೆದು ನಕ್ಷೆ ಮಾಡಿ, ಸುಮಾರು 40,000 ಕಲ್ಲುಗಳಿಗೆ ಅಂಕೆ ಹಾಕಿ ಬಿಚ್ಚಿದರು. ಒಡ್ಡಿನ ಹೊರಗೆ ಉಳಿದಿದ್ದ ಕೆಲವು ಕಟ್ಟಡಗಳ ಕಲ್ಲುಗಳನ್ನು ಮುಳುಗುಗಾರರು ನೀರಿನಡಿಯಿಂದ ತೆಗೆದರು. ಸುಮಾರು ಅರ್ಧ ಕಿಲೋಮೀಟರ್ ದೂರದ ಅಗಿಲ್ಕಿಯಾ ಎಂಬ ಎತ್ತರದ ಬಂಡೆ ದ್ವೀಪವನ್ನು ಸಿಡಿಮದ್ದಿನಿಂದ ಒಡೆದು ಸಮಮಾಡಿ, ಒಡೆದ ಕಲ್ಲನ್ನೇ ಅಂಚಿಗೆ ಸುರಿದು, ಹಳೆಯ ಫೀಲೆಯ ಆಕಾರಕ್ಕೆ ತಂದರು. ಅಲ್ಲಿ ಗುಡಿಗಳನ್ನು ಮೊದಲಿನಂತೆಯೇ ಜೋಡಿಸಿ 1980ರ ಮಾರ್ಚಿನಲ್ಲಿ ಮತ್ತೆ ತೆರೆದರು. ಫೀಲೆ ಎಂದು ನಾವು ಇಂದು ಇಳಿಯುವ ನೆಲ ಅಗಿಲ್ಕಿಯಾ. ನಿಜವಾದ ಫೀಲೆ ನೀರಿನ ಕೆಳಗಿದೆ.

ಮೊದಲೇ ಏಕೆ ಸಾಗಿಸಲಿಲ್ಲವೆಂಬ ಪ್ರಶ್ನೆಗೆ, ಹಣವನ್ನು ಯಾರು ಕೊಡಬೇಕೆಂಬುದೇ ಉತ್ತರ. 1902ರಲ್ಲಿ ಕಟ್ಟೆಯಿಂದ ಲಾಭ ಪಡೆಯುವವರು ಗುಡಿಗೆ ಹಣ ಹಾಕಲು ಸಿದ್ಧರಿರಲಿಲ್ಲ, ಗುಡಿಗಾಗಿ ಮರುಗಿದವರ ಬಳಿ ಹಣವಿರಲಿಲ್ಲ. ಅನೇಕ ದೇಶಗಳು ಸೇರಿ ಹಣ ಕೂಡಿಸುವ ವ್ಯವಸ್ಥೆ ಹುಟ್ಟಿದ್ದು ಎರಡನೆಯ ಮಹಾಯುದ್ಧದ ನಂತರ. ಆ ಅಭಿಯಾನದಲ್ಲಿ ಭಾರತವೂ ಇತ್ತು: ನಮ್ಮ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಂಡವೊಂದು ಬಿ.ಬಿ. ಲಾಲ್ ಅವರ ನೇತೃತ್ವದಲ್ಲಿ 1961–62ರಲ್ಲಿ ನೂಬಿಯಾದ ಅಫಿಯೆ ಎಂಬಲ್ಲಿ, ಮುಳುಗಡೆಗೆ ಮುಂಚೆ ಉತ್ಖನನ ನಡೆಸಿತು.

ಪ್ರಶ್ನೆ: ನಮ್ಮ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನೂ ಇದೇ ರೀತಿ ಕಲ್ಲು ಬಿಚ್ಚಿ ಸಾಗಿಸಿದರು. ಎರಡೂ ಒಂದೇ ಎನ್ನಬಹುದೇ?
– ಕೃಷಿಕರು, ಪಾಂಡವಪುರ ತಾಲ್ಲೂಕು

ಉತ್ತರ: ಕಥೆಯ ಮೊದಲರ್ಧ ಒಂದೇ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಗಿ, ಹೊಯ್ಸಳರ ಕಾಲದ ಆ ಗುಡಿ ಹಿನ್ನೀರಿನಲ್ಲಿ ಮುಳುಗಿತು. ಬರಗಾಲದಲ್ಲಿ ನೀರು ಇಳಿದಾಗ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಬಹುಕಾಲದ ನಂತರ ಅದನ್ನು ಖಾಸಗಿ ಪ್ರತಿಷ್ಠಾನವೊಂದು ಹೊಸ ಕನ್ನಂಬಾಡಿಯ ಬಳಿ ದಂಡೆಯ ಮೇಲೆ ಮರುಜೋಡಿಸಿತು. ಆಸ್ವಾನಿನ ಮೊದಲ ಕಟ್ಟೆಗೂ ನಮ್ಮ ಕಟ್ಟೆಗೂ ಕಾಲದ ಅಂತರ ಹೆಚ್ಚಿಲ್ಲ, ಹಿಂದಿನ ವಿಚಾರವೂ ಬೇರೆಯಲ್ಲ: ಹೊಲಕ್ಕೆ ನೀರು ಬಂದರೆ ಗುಡಿ ಮುಳುಗಿದರೂ ಸರಿ ಎಂಬುದೇ ಅಂದಿನ ಲೆಕ್ಕ. ಆ ಲೆಕ್ಕದ ಫಲವನ್ನು ಉಣ್ಣುತ್ತಿರುವ ನಾವು ಅದನ್ನು ಸಲೀಸಾಗಿ ತಪ್ಪೆನ್ನಲು ಬರುವುದಿಲ್ಲ.

ವ್ಯತ್ಯಾಸವಿರುವುದು ಆಮೇಲಿನ ಬದುಕಿನಲ್ಲಿ. ಕನ್ನಂಬಾಡಿಯಲ್ಲಿ ಗುಡಿಯನ್ನು ನೆನೆಯುವ ಭಕ್ತರಿದ್ದರು, ಹೊಸ ಜಾಗಕ್ಕೆ ಬಂದ ಮೇಲೆ ಜನ ಕೈಮುಗಿದು ಒಳಗೆ ಹೋಗುತ್ತಾರೆ. ಆದ್ದರಿಂದ ಅಲ್ಲಿ ಕಲ್ಲು ಹೊಸದಾಗಿ ಸೇರಿದ್ದರೂ, ನೆಲ ಬೇರೆಯದಾದರೂ ಯಾರಿಗೂ ಅದು ದೊಡ್ಡ ಮಾತಲ್ಲ. ಫೀಲೆಯಲ್ಲಿ ಐಸಿಸಳನ್ನು ನಂಬುವವರು ಸಾವಿರದೈನೂರು ವರ್ಷಗಳಿಂದ ಇಲ್ಲ. ಅಲ್ಲಿ ಉಳಿಸಿದ್ದು ಸ್ಮಾರಕವನ್ನು. ಸ್ಮಾರಕಕ್ಕೆ ಮಾತ್ರ ಜಾಗ ಬಹಳ ಮುಖ್ಯ: ಬೀಗಾ ದ್ವೀಪದ ಎದುರಿಗಿದ್ದುದರಿಂದಲೇ ಆ ಗುಡಿ ಅಲ್ಲಿ ಹುಟ್ಟಿತು. ಅಗಿಲ್ಕಿಯಾದಿಂದಲೂ ಬೀಗಾ ಕಾಣುತ್ತದೆ, ಆದರೆ ದೂರವೂ ಕೋನವೂ ಬದಲಾಗಿವೆ. ಎರಡು ಗುಡಿಗಳಲ್ಲಿ ಯಾವುದರ ಸ್ಥಳಾಂತರ ಹೆಚ್ಚು ಸಫಲವೆಂದು ಕೇಳಿದರೆ, ಕನ್ನಂಬಾಡಿಯದು ಎನ್ನುತ್ತೇನೆ.

ಪ್ರಶ್ನೆ: ಗುಡಿಗಳ ಮಾತಾಯಿತು, ಅಲ್ಲಿದ್ದ ಜನ ಏನಾದರು? ನಮ್ಮ ಅಜ್ಜನ ಊರು ಕಟ್ಟೆಯ ಹಿನ್ನೀರಿನಲ್ಲಿದೆ, ಅದಕ್ಕೇ ಕೇಳುತ್ತಿದ್ದೇನೆ.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಈ ಪ್ರಶ್ನೆಯನ್ನು ಒಬ್ಬರೇ ಕೇಳಿದ್ದೀರಿ. ಹೊಸ ಅಣೆಕಟ್ಟೆಯ ಹಿಂದೆ ಹರಡಿದ ಜಲಾಶಯ ಸೂಡಾನಿನೊಳಗೂ ಸೇರಿ ಸುಮಾರು 500 ಕಿಲೋಮೀಟರ್ ಉದ್ದವಿದೆ. ಅದರಡಿಯಲ್ಲಿ ನೂಬಿಯಾದ ಊರುಗಳು, ಖರ್ಜೂರದ ತೋಟಗಳು, ಸ್ಮಶಾನಗಳು ಎಲ್ಲವೂ ಹೋದವು. ಈಜಿಪ್ಟಿನ ಸುಮಾರು 50,000 ನೂಬಿಯನ್ನರನ್ನು 1963–64ರಲ್ಲಿ ಆಸ್ವಾನಿನ ಉತ್ತರಕ್ಕಿರುವ ಕೋಮ್ ಓಂಬೋ ಪಟ್ಟಣದ ಸುತ್ತಲಿನ ಹೊಸ ಕಾಲೊನಿಗಳಿಗೆ ಕಳುಹಿಸಿದರು. ಸೂಡಾನಿನ ಕಡೆಯವರನ್ನು ನದಿಯಿಂದ ಬಹುದೂರದ ಖಷ್ಮ್ ಅಲ್ ಗಿರ್ಬಾ ಎಂಬಲ್ಲಿಗೆ ಸಾಗಿಸಿದರು. ನದಿಯ ದಡದಲ್ಲಿ, ಬಣ್ಣ ಬಳಿದ ಅಗಲವಾದ ಮನೆಗಳಲ್ಲಿ ಬಾಳಿದ್ದವರಿಗೆ ಸಾಲುಮನೆಗಳು ಸಿಕ್ಕವು. ಹಳೆಯ ಕಟ್ಟೆಯನ್ನು ಎತ್ತರಿಸಿದಾಗಲೇ ಅವರಲ್ಲಿ ಅನೇಕರು ಊರುಗಳನ್ನು ಮೇಲಕ್ಕೆ ಸರಿಸಿಕೊಂಡಿದ್ದರು.

ಗುಡಿಗಳಿಗೆ ಅಂಕೆ ಹಾಕಿ ಒಂದು ಕಲ್ಲೂ ತಪ್ಪದಂತೆ ಸಾಗಿಸಿದ ಜಗತ್ತು ಜನರ ವಿಷಯದಲ್ಲಿ ಅಷ್ಟು ಎಚ್ಚರ ತೋರಲಿಲ್ಲ. ಕೃತಜ್ಞತೆಯ ಕುರುಹಾಗಿ ಈಜಿಪ್ಟು ಕೆಲವು ಚಿಕ್ಕ ಗುಡಿಗಳನ್ನೇ ನೆರವಾದ ದೇಶಗಳಿಗೆ ಕೊಟ್ಟಿತು. ಡೆಂಡೂರ್ ಗುಡಿ ನ್ಯೂಯಾರ್ಕಿನಲ್ಲಿದೆ, ಡೆಬೋಡ್ ಗುಡಿ ಮ್ಯಾಡ್ರಿಡ್ಡಿನಲ್ಲಿದೆ. ನೂಬಿಯನ್ನರು ಮಾತ್ರ ಮರಳಿ ನದಿಯ ದಡಕ್ಕೆ ಹೋಗುವ ಹಕ್ಕನ್ನು ಇಂದಿಗೂ ಕೇಳುತ್ತಲೇ ಇದ್ದಾರೆ. ಫೀಲೆಗೆ ಹೋಗುವವರು ಆಸ್ವಾನಿನಲ್ಲಿ 1997ರಲ್ಲಿ ತೆರೆದ ನೂಬಿಯಾ ವಸ್ತುಸಂಗ್ರಹಾಲಯವನ್ನು ಮೊದಲು ನೋಡುವುದು ಒಳ್ಳೆಯದು. ಗುಡಿಗೆ ಕರೆದೊಯ್ಯುವ ಅಂಬಿಗರಲ್ಲಿ ಹಲವರು ನೂಬಿಯನ್ನರೇ. ಅವರಿಗೆ ಅರಬ್ಬಿಯ ಜೊತೆಗೆ ತಮ್ಮದೇ ಭಾಷೆಯಿದೆ.

ಪ್ರಶ್ನೆ: ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೇ? ದೇವಿಗೆ ಹೂವು, ಕುಂಕುಮ ಅರ್ಪಿಸಬಹುದೇ?
– ಓದುಗರು, ನಂಜನಗೂಡು

ಉತ್ತರ: ಎರಡೂ ಬೇಡ. ಬಿಸಿಲಿಗೆ ಕಲ್ಲು ಕಾಯುವುದರಿಂದ ಪಾದರಕ್ಷೆ ಇರಲೇಬೇಕು. ಕುಂಕುಮ, ಎಣ್ಣೆ, ಕರ್ಪೂರದ ಹೊಗೆ ಇವೆಲ್ಲ ಮರಳುಗಲ್ಲಿನ ಕೆತ್ತನೆಗೆ ಕೇಡು. ಗೋಡೆಯನ್ನು ಕೈಯಿಂದ ಮುಟ್ಟುವುದನ್ನೂ ತಡೆಯುತ್ತಾರೆ. ಮನಸ್ಸಿನಲ್ಲಿ ನಮಸ್ಕರಿಸಲು ಯಾರ ಅಡ್ಡಿಯೂ ಇಲ್ಲ.

ಪ್ರಶ್ನೆ: ಆಸ್ವಾನಿನಲ್ಲಿ ನಮಗೆ ಎರಡೇ ದಿನ ಸಿಗುತ್ತದೆ. ಫೀಲೆ ಮತ್ತು ಅಬು ಸಿಂಬೆಲ್ ಎರಡನ್ನೂ ನೋಡಬಹುದೇ? ಯಾವ ತಿಂಗಳು ಒಳ್ಳೆಯದು?
– ಪ್ರವಾಸಕ್ಕೆ ಸಿದ್ಧರಾಗುತ್ತಿರುವ ದಂಪತಿ, ಮೈಸೂರು

ಉತ್ತರ: ಅಕ್ಟೋಬರಿನಿಂದ ಮಾರ್ಚಿನವರೆಗೆ ಹೋಗುವುದು ಉತ್ತಮ, ಬೇಸಿಗೆಯಲ್ಲಿ ಆಸ್ವಾನಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಅಬು ಸಿಂಬೆಲ್ ಆಸ್ವಾನಿನಿಂದ ರಸ್ತೆಯಲ್ಲಿ ಸುಮಾರು 280 ಕಿಲೋಮೀಟರ್ ದೂರದ ಮರುಭೂಮಿಯಲ್ಲಿದೆ. ಬೆಳಕು ಹರಿಯುವ ಮುನ್ನ ಹೊರಟರೆ ಸಂಜೆಯೊಳಗೆ ಹಿಂದಿರುಗಬಹುದು. ಅದಕ್ಕೆ ಒಂದು ದಿನ ಪೂರ್ತಿ ಬಿಡಿ. ಕ್ರಿ.ಪೂ. 13ನೆಯ ಶತಮಾನದಲ್ಲಿ ಎರಡನೆಯ ರಾಮ್ಸೆಸ್ ಬೆಟ್ಟವನ್ನೇ ಕೊರೆದು ಮಾಡಿಸಿದ ಆ ಗುಡಿಯ ಮುಂದೆ ಅವನದೇ ಸುಮಾರು 20 ಮೀಟರ್ ಎತ್ತರದ ನಾಲ್ಕು ಆಸೀನ ವಿಗ್ರಹಗಳಿವೆ. ಅದನ್ನೂ 1964ರಿಂದ 1968ರವರೆಗೆ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, ಸುಮಾರು 65 ಮೀಟರ್ ಮೇಲಕ್ಕೆ ಎತ್ತಿ ಕೂಡಿಸಿದರು. ಫೆಬ್ರವರಿ 22 ಮತ್ತು ಅಕ್ಟೋಬರ್ 22ರಂದು ಉದಯದ ಬಿಸಿಲು ಗರ್ಭಗೃಹದವರೆಗೆ ತಲುಪುತ್ತದೆಂದು ಆ ದಿನಗಳಲ್ಲಿ ವಿಪರೀತ ಜನ ಸೇರುತ್ತಾರೆ. ನೂಕುನುಗ್ಗಲು ಆಗದವರು ಆ ಎರಡು ದಿನ ಬಿಟ್ಟು ಹೋಗುವುದೇ ಲೇಸು.

ಇನ್ನೊಂದು ದಿನದ ಬೆಳಗ್ಗೆ ಬೇಗ ಫೀಲೆಗೆ ಹೋಗಿ. ಹಳೆಯ ಕಟ್ಟೆಯ ಮೇಲ್ಭಾಗದ ಶೆಲ್ಲಾಲ್ ಎಂಬ ದೋಣಿಕಟ್ಟೆಯಲ್ಲಿ ಟಿಕೆಟ್ ಕೊಂಡು ಮೋಟಾರು ದೋಣಿ ಹತ್ತಬೇಕು. ಇಳಿದೊಡನೆ ಎಲ್ಲರೂ ಹೆಬ್ಬಾಗಿಲಿನ ಕಡೆಗೆ ನುಗ್ಗುತ್ತಾರೆ. ತಾವು ನೆಕ್ಟಾನೆಬೋನ ಮಂಟಪದ ಬಳಿ ಒಂದು ಕ್ಷಣ ನಿಂತು ಎರಡೂ ಬದಿಯ ಕಂಬಸಾಲುಗಳನ್ನು ನೋಡಿ. ಒಂದು ಇನ್ನೊಂದಕ್ಕೆ ಸಮಾನಾಂತರವಾಗಿಲ್ಲ, ಎರಡನೆಯ ಹೆಬ್ಬಾಗಿಲೂ ಮೊದಲನೆಯದರ ನೇರಕ್ಕಿಲ್ಲ. ಒಂದೇ ನಕ್ಷೆಯಿಂದಲ್ಲದೆ, ದ್ವೀಪದ ಇಕ್ಕಟ್ಟಿನಲ್ಲಿ ಶತಮಾನಗಳ ಕಾಲ ಒಂದೊಂದಾಗಿ ಕಟ್ಟಿದ್ದು ಇದರಿಂದ ಗೊತ್ತಾಗುತ್ತದೆ. ಹೊರಗೋಡೆಗಳ ಚಿತ್ರಗಳನ್ನು ಕಲ್ಲಿನ ಮಟ್ಟಕ್ಕಿಂತ ಒಳಕ್ಕೆ ಕೊರೆದಿದ್ದಾರೆ. ಓರೆಬಿಸಿಲು ಬಿದ್ದಾಗ ಅಂಚಿನ ನೆರಳಿನಿಂದಲೇ ಆಕೃತಿ ಎದ್ದು ಕಾಣುತ್ತದೆ, ಮಧ್ಯಾಹ್ನಕ್ಕೆ ಮಂಕಾಗುತ್ತದೆ. ಬೆಳಗ್ಗೆ ಬೇಗ ಹೋಗಿ ಎಂದದ್ದು ಅದಕ್ಕಾಗಿ. ಐಸಿಸ್ ಗುಡಿಯ ಒಳಗನ್ನು ನೋಡಿದ ಮೇಲೆ ಪಶ್ಚಿಮಕ್ಕೆ ಹೇಡ್ರಿಯನನ ಬಾಗಿಲು, ಪೂರ್ವಕ್ಕೆ ಕುಬ್ಜದೇವತೆ ಬೆಸ್ ತಮಟೆ ಬಾರಿಸುವ, ಕೋತಿ ವೀಣೆಯಂಥ ವಾದ್ಯ ನುಡಿಸುವ ಕೆತ್ತನೆಗಳುಳ್ಳ ಹಾಥೋರ್ ದೇವಿಯ ಗುಡಿ, ಕೊನೆಗೆ ಟ್ರಾಜನನ ಮಂಟಪ. ಎರಡೂವರೆ ಗಂಟೆ ಸಾಕು. ದೋಣಿಯ ಬಾಡಿಗೆ ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ. ಹೋಗಿ ಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಹತ್ತುವ ಮೊದಲೇ ಮಾತಾಡಿಕೊಂಡು, ಹಣವನ್ನು ಹಿಂದಿರುಗಿ ದಡಕ್ಕೆ ಇಳಿದ ಮೇಲೆ ಕೊಡಿ.